ಮಳೆಯ ಮುನ್ಸೂಚನೆಯೂ ಸಿದ್ದಾಪುರದ ರೈತನೂ

ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರವು ದೊಡ್ಡ ಊರಲ್ಲ. ಆದರೂ ಸರಕಾರದ ಮಾತು ಪ್ರಜೆಯ ಕಿವಿಗೆ ಮುಟ್ಟುವ ಬಗೆ ಹೇಗೆಂಬುದನ್ನು ವಿಚಾರಿಸುವವರಿಗೆ ಕನ್ನಡ ನಾಡಿನಲ್ಲಿ ಅದಕ್ಕಿಂತ ಹಳೆಯ ಪಾಠಶಾಲೆಯು ದೊರೆಯುವುದು ಕಷ್ಟ. ಸುಮಾರು 2,250 ವರ್ಷಗಳ ಹಿಂದೆ ಅಶೋಕ ಚಕ್ರವರ್ತಿಯ ಆಜ್ಞೆಯು ಇಲ್ಲಿಯ ಬಂಡೆಯ ಮೇಲೆ ಕೊರೆಯಲ್ಪಟ್ಟಿತು. ಅದೂ ಒಂದೇ ಕಡೆಯಲ್ಲಲ್ಲ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂದು ಹತ್ತಿರ ಹತ್ತಿರದ ಮೂರು ನೆಲೆಗಳಲ್ಲಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಕೋರಿ, ಅನಂತರ ಅರಸನ ಮಾತನ್ನು ತಿಳಿಸುವ ಓಲೆಯ ರೂಪದಲ್ಲಿ ಆ ಶಾಸನವು ಇದೆ. ಅರಸನ ಮಾತು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಲ್ಲತಕ್ಕದ್ದೆಂಬುದು ಅದರ ಆಶಯ. ಆದರೆ ಬರೆದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಯಾರಾದರೂ ಒಬ್ಬರು ಅದನ್ನು ಹೊಲದ ಆಳಿಗೆ ಅವನ ನುಡಿಯಲ್ಲಿ ಓದಿ ಹೇಳದೆ ಇದ್ದಿದ್ದರೆ, ಅವನ ಪಾಲಿಗೆ ಬಂಡೆಯು ಬಂಡೆಯಾಗಿಯೇ ಉಳಿದಿರಬೇಕು.

ಈಗ ಸರಕಾರವು ಅದೇ ಸಿದ್ದಾಪುರಕ್ಕೆ ಮತ್ತೊಂದು ಬಗೆಯ ಮಾತನ್ನು ಕಳುಹಿಸಹೊರಟಿದೆ. ಅದು ಮಳೆಯ ಮಾತು. ಈ ಮಾತಾದರೂ ಬಂಡೆಯ ಮೇಲಿನ ಬರಹವಾಗಿ ಉಳಿಯದೆ ರೈತನ ಮನೆಯ ಮಾತಾಗುವುದೆ? ಈ ವಾರ ನಮ್ಮ ವಾಚಕರ ಮುಂದೆ ನಾವು ಇಡಬಯಸುವ ಪ್ರಶ್ನೆಯು ಇದೇ.

ಮೊದಲು ಸಲ್ಲಬೇಕಾದ ಮೆಚ್ಚಿಕೆಯನ್ನು ಸಲ್ಲಿಸೋಣ. ಮಳೆಯನ್ನು ಮುಂಗಂಡು ಹೇಳುವ ವಿದ್ಯೆಗೆ ನಮ್ಮ ಸರಕಾರವು ಈಚಿನ ವರ್ಷಗಳಲ್ಲಿ ಹಣವನ್ನು ಹಿಡಿತವಿಲ್ಲದೆ ಕೊಟ್ಟಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ‘ಮಿಷನ್ ಮೌಸಮ್’ ಎಂಬ ಯೋಜನೆಗೆ ಎರಡು ವರ್ಷಗಳ ಮಟ್ಟಿಗೆ 2,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದೇ ತಿಂಗಳು ಪುಣೆಯಲ್ಲಿ ‘ಅರ್ಕ’, ನೋಯಿಡಾದಲ್ಲಿ ‘ಅರುಣಿಕಾ’ ಎಂಬ ಎರಡು ಮಹಾಗಣಕಯಂತ್ರಗಳು 850 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಹವಾಮಾನದ ಕೆಲಸಕ್ಕೆ ಅರ್ಪಿತವಾದವು. 2025ರ ಮೇ ತಿಂಗಳಿನಲ್ಲಿ ಪುಣೆಯ ವಿಜ್ಞಾನಿಗಳು ರಚಿಸಿದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ಯು ಆರಂಭವಾಯಿತು. ಇದಕ್ಕೆ ಮೊದಲು ನಮ್ಮ ಗಣಕಯಂತ್ರಗಳು ನೆಲವನ್ನು 12 ಕಿಲೋಮೀಟರಿನ ಚೌಕಗಳಾಗಿ ಎಣಿಸಿ, ಒಂದೊಂದು ಚೌಕಕ್ಕೆ ಒಂದೊಂದು ಮಳೆಯನ್ನು ಹೇಳುತ್ತಿದ್ದವು. ಈಗ ಚೌಕವು 6 ಕಿಲೋಮೀಟರಿನದು. ಎಂದರೆ ಹಿಂದೆ 144 ಚದರ ಕಿಲೋಮೀಟರಿಗೆ ಒಂದೇ ಮಾತು ಇದ್ದಲ್ಲಿ ಈಗ 36 ಚದರ ಕಿಲೋಮೀಟರಿಗೆ ಒಂದು ಮಾತು. ಇದು ಸಣ್ಣ ಸಾಧನೆಯಲ್ಲ.

ಈ ವಿದ್ಯೆಯು ಹುಟ್ಟಿದ್ದು ಹೇಗೆಂಬುದನ್ನು ನಾವು ಮರೆಯಲಾಗದು. ಧಾತು ಈಶ್ವರ ಸಂವತ್ಸರಗಳ ಬರವು, ಎಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವು, ಮೈಸೂರು ಸೀಮೆಯೊಂದರಲ್ಲೇ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತು. ಐವರಲ್ಲಿ ಒಬ್ಬರು ಹೋದರೆಂದು ಲೆಕ್ಕ. ಆ ಬರದ ಬಳಿಕವೇ ಆಳುವವರು ಬ್ಲ್ಯಾನ್‌ಫೋರ್ಡ್ ಎಂಬ ಹವಾಮಾನಾಧಿಕಾರಿಯನ್ನು, ಮುಂದಿನ ಮಳೆಗಾಲವನ್ನು ಮೊದಲೇ ಹೇಳಬಲ್ಲಿರಾ ಎಂದು ಕೇಳಿದ್ದು. ಆತನು ನೋಡಿದ್ದು ಹಿಮಾಲಯದ ಹಿಮದ ಕಡೆಗೆ. ಬೆಟ್ಟದಲ್ಲಿ ಹಿಮವು ಹೆಚ್ಚು ಬಿದ್ದ ವರ್ಷ ಬಯಲಿಗೆ ಮಳೆಯು ಕಡಿಮೆಯಾಗುವುದೆಂದು ಆತನು ಊಹಿಸಿ, 1886ರ ಜೂನ್ ತಿಂಗಳಿನಲ್ಲಿ ಈ ದೇಶದ ಮೊದಲ ಮಳೆಗಾಲದ ಮುನ್ಸೂಚನೆಯನ್ನು ಹೊರಡಿಸಿದನು. ಹಿಮವನ್ನು ಕಣ್ಣಿನಿಂದ ಕಾಣದ ಮೊಳಕಾಲ್ಮೂರಿನ ರೈತನ ಬಾಳು ಹಿಮಾಲಯದ ಹಿಮಕ್ಕೆ ತಗುಲಿಕೊಂಡಿದೆಯೆಂಬ ವಿಚಾರವು ಆಗ ಎಷ್ಟು ಆಶ್ಚರ್ಯಕರವಾಗಿದ್ದಿರಬೇಕು! ಆಮೇಲೆ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞನು ಹಿಮವೊಂದೇ ಸಾಲದೆಂದು ಕಂಡು, ಶಾಂತ ಸಾಗರಕ್ಕೂ ಹಿಂದೂ ಸಾಗರಕ್ಕೂ ನಡುವೆ ಗಾಳಿಯ ಒತ್ತಡವು ಉಯ್ಯಾಲೆಯಂತೆ ತೂಗುವುದನ್ನು ಗುರುತಿಸಿದನು. ಇಂದಿನ ‘ಎಲ್ ನಿನೋ’ ಎಂಬ ಮಾತಿನ ಬೇರು ಅಲ್ಲಿದೆ. ಮೈಸೂರು ಸರಕಾರವೂ ಹಿಂದೆ ಬೀಳಲಿಲ್ಲ. 1890ರ ದಶಕದಲ್ಲಿಯೇ ಬೆಂಗಳೂರು, ಮೈಸೂರು, ಹಾಸನಗಳೊಡನೆ ಚಿತ್ರದುರ್ಗದಲ್ಲಿಯೂ ಹವಾಮಾನ ವೀಕ್ಷಣಾಲಯವನ್ನು ತೆರೆಯಿತು. ಕ್ಷಾಮದ ಕಣ್ಣೀರಿನಿಂದ ಹುಟ್ಟಿದ ಈ ವಿದ್ಯೆಯು ಮೊದಲು ಯಾರಿಗೆ ಸಲ್ಲಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಸಿದ್ದಾಪುರದ ಹೊಲಕ್ಕೆ ಬರೋಣ. ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳು ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ಸೀಮೆಗಳು. ಇಡೀ ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಕಾಣುವ ತಾಲೂಕುಗಳಲ್ಲಿ ಇವು ಸೇರಿವೆ. ಮುಂಗಾರಿನ ಮೋಡವು ಮಲೆನಾಡಿನಲ್ಲಿ ತನ್ನ ಹೊರೆಯನ್ನು ಇಳಿಸಿ, ಇಲ್ಲಿಗೆ ಬರುವಾಗ ಬರಿಯ ಗಾಳಿಯಾಗಿರುವುದು. ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಗುಡುಗುಮಳೆಯಿಂದಲೇ ಬರಬೇಕು. ಆ ಮಳೆಯೂ ಒಂದು ಹೊಲವನ್ನು ನೆನೆಸಿ ಪಕ್ಕದ ಹೊಲವನ್ನು ಒಣಗಿಸಿ ಹೋಗುವಂಥದು. ಈ ಕೆಂಪು ಮರಳು ನೆಲದಲ್ಲಿ ರೈತನು ನೆಚ್ಚಿರುವುದು ಶೇಂಗಾ ಬೆಳೆಯನ್ನು. ಚಳ್ಳಕೆರೆಯ ಎಣ್ಣೆ ಗಿರಣಿಗಳು ನಡೆದದ್ದೂ, ಪೇಟೆಯು ಬೆಳೆದದ್ದೂ ಆ ಕಾಯಿಯ ಬಲದಿಂದ.

ಶೇಂಗಾ ಬಿತ್ತನೆಯು ಒಂದು ಜೂಜಿನಂತಿದೆ. ಎಕರೆಗೆ 40 ಕಿಲೋಗೂ ಮೇಲ್ಪಟ್ಟು ಬೀಜದ ಕಾಳು ಬೇಕು. ಬಹುಮಂದಿಗೆ ಅದು ಸಾಲದ ಹಣ. ಹದಮಳೆ ಬಿತ್ತೆಂದು ಕೂರಿಗೆ ಹೂಡಿ ಬಿತ್ತಿದ ಮೇಲೆ ಮೂರು ವಾರ ಮಳೆಯು ಮುಖ ತೋರಿಸದಿದ್ದರೆ ಮೊಳಕೆಯು ನೆಲದಲ್ಲಿಯೇ ಸುಡುವುದು. ಬಿತ್ತಿದ ಒಂದು ತಿಂಗಳ ಸುಮಾರಿಗೆ ಹೂವು ಬಂದು, ಊಡು ನೆಲಕ್ಕಿಳಿಯುವ ಹೊತ್ತಿಗೆ ನೆಲವು ಗಟ್ಟಿಯಾಗಿದ್ದರೆ ಗಿಡವು ಹಸಿರಾಗಿ ಕಂಡರೂ ಬೇರಿನಲ್ಲಿ ಕಾಯಿ ಇಲ್ಲ. ಕೀಳುವ ದಿನಗಳಲ್ಲಿ ಜಡಿಮಳೆ ಹಿಡಿದರೆ ಕಾಯಿಯು ಹೊಲದಲ್ಲೇ ಮೊಳೆಯುವುದು. ಇಂದು ಬಿತ್ತಲೋ, ಎಂಟು ದಿನ ತಡೆಯಲೋ ಎಂಬ ಒಂದು ನಿಶ್ಚಯದ ಮೇಲೆ ಒಂದು ಸಂಸಾರದ ವರ್ಷವೇ ನಿಂತಿದೆ. ಬಿತ್ತನೆಯು ಕೈತಪ್ಪಿದ ಮನೆಯ ಮಕ್ಕಳು ಶಾಲೆಯ ಹಾಜರಿಯಿಂದ ಮರೆಯಾಗಿ, ಹಿರಿಯರೊಡನೆ ಕೂಲಿಯನ್ನು ಅರಸಿ ಊರು ಬಿಡುವುದನ್ನು ಈ ಸೀಮೆಯ ಉಪಾಧ್ಯಾಯರು ಬಲ್ಲರು.

ಈ ರೈತನಿಗೆ ಸರಕಾರದ ಮುನ್ಸೂಚನೆಯು ಏನನ್ನು ಹೇಳುತ್ತದೆ? ದೇಶಕ್ಕೆಲ್ಲ ಒಂದೇ ಅಂಕಿಯನ್ನು ಏಪ್ರಿಲ್ ತಿಂಗಳಿನಲ್ಲಿ ಹೇಳುತ್ತದೆ. 2023ರಲ್ಲಿ ಆ ಅಂಕಿಯು ವಾಡಿಕೆಯ ಶೇಕಡಾ 96 ಎಂದಿತ್ತು. ಬಿದ್ದದ್ದು ಶೇಕಡಾ 94. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಶ್ಲಾಘನೀಯವಾದ ಊಹೆಯೇ ಸರಿ. ಆದರೆ ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ದೇಶದ ಮಳೆಯು ಶೇಕಡಾ 36ರಷ್ಟು ಕಡಿಮೆಯಾಯಿತು. 1901ರಿಂದ ಅಲ್ಲಿಯ ವರೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳನ್ನು ದೇಶವು ಕಂಡಿರಲಿಲ್ಲ. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಅಂಕಿಯು ಗೆದ್ದಿತು, ರೈತನು ಸೋತನು. ಅದಕ್ಕೆ ಒಂದೇ ವರ್ಷದ ಹಿಂದೆ, 2022ರಲ್ಲಿ, ಇದೇ ಜಿಲ್ಲೆಯ ವಾಣೀವಿಲಾಸ ಸಾಗರವು ಸುಮಾರು ಒಂಬತ್ತು ದಶಕಗಳ ತರುವಾಯ ಕೋಡಿ ಹರಿದಿತ್ತೆಂಬುದನ್ನು ವಾಚಕರು ನೆನೆಯಬಹುದು. ಹನ್ನೆರಡು ತಿಂಗಳೊಳಗೆ ನೆರೆಯನ್ನೂ ಬರವನ್ನೂ ಉಂಡ ಸೀಮೆಗೆ ಸರಾಸರಿಯ ಮಾತು ಅನ್ನವಾಗಲಾರದು.

ಸರಾಸರಿಯ ಮೋಸವು ನಮ್ಮ ನಾಡಿನ ಒಳಗೂ ಇದೆ. ಹವಾಮಾನ ಇಲಾಖೆಯ ವಿಭಾಗಗಳಲ್ಲಿ ‘ದಕ್ಷಿಣ ಒಳನಾಡು’ ಎಂಬುದೊಂದು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗೆಗಳ ಜತೆಗೆ ಚಿತ್ರದುರ್ಗವನ್ನೂ ಬಳ್ಳಾರಿಯನ್ನೂ ಅದರಲ್ಲಿ ಸೇರಿಸಿದ್ದಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯೂ, ಅದರ ಹತ್ತನೆಯ ಒಂದು ಪಾಲನ್ನೂ ಕಾಣದ ಮೊಳಕಾಲ್ಮೂರೂ ಒಂದೇ ಹೆಸರಿನ ಅಡಿಯಲ್ಲಿ! ಅತ್ತ ಮೊಳಕಾಲ್ಮೂರಿನ ಎಲ್ಲೆಗೆ ತಾಗಿದ ರಾಯದುರ್ಗವು 1953ರಲ್ಲಿ ಆಂಧ್ರಕ್ಕೆ ಸೇರಿಹೋದ ಕಾರಣ ಹವಾಮಾನದ ಲೆಕ್ಕದಲ್ಲಿ ಅದು ರಾಯಲಸೀಮೆ. ಒಂದೇ ಮಣ್ಣು, ಒಂದೇ ಶೇಂಗಾ, ಒಂದೇ ಮೋಡ. ಲೆಕ್ಕದ ಪುಸ್ತಕಗಳು ಮಾತ್ರ ಎರಡು. 1956ರಲ್ಲಿ ಕನ್ನಡ ನಾಡು ಒಂದಾದದ್ದು ಜನರ ಬಾಳು ಒಂದೆಂಬ ಅರಿವಿನಿಂದ. ಮೋಡಕ್ಕೆ ಗಡಿಯಿಲ್ಲದ ಮೇಲೆ ಮೋಡದ ಸುದ್ದಿಗೂ ಗಡಿಯಿರಕೂಡದು. ಎರಡು ರಾಜ್ಯಗಳ ಮಳೆಮಾಪಕಗಳ ಅಂಕಿಗಳನ್ನು ಕೂಡಿಸಿ, ಈ ಒಣಸೀಮೆಗೆಲ್ಲ ಒಂದೇ ಬೇಸಾಯದ ಮುನ್ಸೂಚನೆಯನ್ನು ಕೊಡುವುದು ಉಭಯ ಸರಕಾರಗಳ ಧರ್ಮವು.

ಎರಡನೆಯ ಕೊರತೆ ಮಾತಿನದು. ಮುನ್ಸೂಚನೆಯು ಕನ್ನಡದಲ್ಲಿ ಬರುತ್ತಿಲ್ಲವೆಂದು ನಾವು ಹೇಳುವುದಿಲ್ಲ, ಬರುತ್ತಿದೆ. ಆದರೆ ಅದು ಕನ್ನಡ ಅಕ್ಷರದ ಕನ್ನಡವೇ ಹೊರತು ಹೊಲದ ಕನ್ನಡವಲ್ಲ. ‘ಒಂದೆರಡು ಕಡೆ ಸಾಧಾರಣ ಮಳೆಯಾಗುವ ಸಂಭವವಿದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಇಲಾಖೆಯ ಪರಿಭಾಷೆಯಲ್ಲಿ ‘ಒಂದೆರಡು ಕಡೆ’ ಎಂದರೆ ಜಿಲ್ಲೆಯ ನೂರು ಮಾಪಕಗಳಲ್ಲಿ ಇಪ್ಪತ್ತೈದಕ್ಕೆ ಮೀರದಷ್ಟು ಕಡೆ ಎಂದರ್ಥ. ‘ಸಾಧಾರಣ’ ಎಂದರೆ ದಿನಕ್ಕೆ 15.6 ಮಿಲಿಮೀಟರಿನಿಂದ 64.4 ಮಿಲಿಮೀಟರಿನ ವರೆಗೆ. ಇಪ್ಪತ್ತು ಮಿಲಿಮೀಟರು ಬಿದ್ದರೆ ಬಿತ್ತನೆಗೆ ಹದ. ಅರವತ್ತು ಬಿದ್ದರೆ ಬಿತ್ತಿದ ಸಾಲೇ ಕೊಚ್ಚಿಹೋಗಬಹುದು. ಈ ಎರಡನ್ನೂ ಒಂದೇ ಶಬ್ದದಲ್ಲಿ ಮುಚ್ಚುವ ಪರಿಭಾಷೆಯು ನೆರೆಯನ್ನು ಎಣಿಸುವವರಿಗೆ ಸಾಕಾದೀತು, ಬಿತ್ತುವವರಿಗೆ ಸಾಲದು. ‘ನಿಮ್ಮ ಹೋಬಳಿಯಲ್ಲಿ ಬರುವ ಐದು ದಿನಗಳೊಳಗೆ ಬಿತ್ತನೆಗೆ ತಕ್ಕ ಹದಮಳೆ ಬೀಳುವುದಕ್ಕೆ ಹತ್ತರಲ್ಲಿ ಆರು ಪಾಲು ಅವಕಾಶ, ಆಮೇಲೆ ಹತ್ತು ದಿನ ಬಿಡುವಾಗುವ ಭಯವುಂಟು’ ಎಂದು ಏಕೆ ಹೇಳಬಾರದು? ಗಣಕಯಂತ್ರಕ್ಕೆ ಇದು ಅಸಾಧ್ಯವಲ್ಲ. ಹೇಳುವವರ ಮನಸ್ಸು ಬೇಕು.

ಇಲ್ಲಿ ನಮ್ಮ ರೈತನ ಮಳೆನಕ್ಷತ್ರಗಳ ಮಾತೂ ಬರುತ್ತದೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಅವನು ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಮಾಡಿ ನೆನಪಿನಲ್ಲಿಟ್ಟಿದ್ದಾನೆ. ನಕ್ಷತ್ರವೇ ಮಳೆಯನ್ನು ತರುವುದೆಂದು ನಾವು ವಾದಿಸುವುದಿಲ್ಲ. ಆದರೆ ಅದು ನಾಡಿನ ಕಾಲಗಣನೆಯು. ಜೂನ್ 22ರ ಸುಮಾರಿಗೆ ಆರಿದ್ರ ಹುಟ್ಟುವುದೆಂಬುದು ಅವನಿಗೆ ದಿನದರ್ಶಿಕೆಯಿಲ್ಲದೆ ಗೊತ್ತು. ಹವಾಮಾನ ಇಲಾಖೆಯು ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆಯನ್ನು ಹೊರಡಿಸುತ್ತದೆ. ನಾಲ್ಕು ವಾರವೆಂದರೆ ಎರಡು ಮಳೆ ನಕ್ಷತ್ರಗಳೇ. ವಿಜ್ಞಾನದ ಮಾತನ್ನು ‘ಪುಷ್ಯದ ಮಳೆ ವಾಡಿಕೆಗಿಂತ ಕಡಿಮೆ, ಆಶ್ಲೇಷದಲ್ಲಿ ಚೇತರಿಕೆ’ ಎಂದು ಹೇಳಿದರೆ ವಿಜ್ಞಾನದ ಗೌರವಕ್ಕೆ ಕುಂದಿಲ್ಲ, ರೈತನಿಗೆ ಅರ್ಥವಾಗುವ ಲಾಭವಿದೆ.

ಮೂರನೆಯದು ಮನುಷ್ಯನ ಮಾತು. ಈ ವಿಷಯದಲ್ಲಿ ಕರ್ನಾಟಕವು ಹಿಂದೆ ದೇಶಕ್ಕೇ ದಾರಿ ತೋರಿಸಿತೆಂದು ಹೆಮ್ಮೆಪಡಬಹುದು. 1988ರಲ್ಲಿಯೇ ಬರಗಾಲವನ್ನು ಕಾಯುವುದಕ್ಕೆಂದು ಒಂದು ಕೋಶವನ್ನು ನಮ್ಮ ರಾಜ್ಯವು ಸ್ಥಾಪಿಸಿತು. ಅದು ಬೆಳೆದು ಇಂದು ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ತಾವಾಗಿಯೇ ಅಂಕಿಯನ್ನು ಕಳುಹಿಸುವ ಸುಮಾರು 6,500 ಮಳೆಮಾಪಕಗಳನ್ನು ಅದು ನೆಟ್ಟಿತು. ‘ವರುಣಮಿತ್ರ’ವೆಂಬ ಸಹಾಯವಾಣಿಯನ್ನು ತೆರೆದು ಕರೆಮಾಡಿದವನಿಗೆ ಕನ್ನಡದಲ್ಲಿ ಉತ್ತರ ಕೊಡುವ ಏರ್ಪಾಡನ್ನು ಮಾಡಿತು. ಗಣಕಯಂತ್ರದ ಊಹೆಯನ್ನು ಊರ ಮಾಪಕದ ಅಂಕಿಯೊಡನೆ ತೂಗಿ ನೋಡುವುದು ಇದರಿಂದಲೇ ಸಾಧ್ಯ. ಆದುದರಿಂದ ಒಂದೊಂದು ಮಾಪಕವೂ ಒಂದು ದೇವರ ದೀಪದಂತೆ. ಎಣ್ಣೆ ತೀರಿ ಆರಿಹೋಗದಂತೆ ನೋಡಿಕೊಳ್ಳುವವರು ಬೇಕು. ಹೊಸ ಯಂತ್ರವನ್ನು ಉದ್ಘಾಟಿಸುವ ಉತ್ಸಾಹದಲ್ಲಿ ಹಳೆಯ ಯಂತ್ರವನ್ನು ಒರೆಸಿಡುವ ಕೆಲಸಕ್ಕೆ ಹಣವನ್ನು ಮರೆಯಬಾರದು.

ಕೇಂದ್ರವು 2024ರ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ಐದು ದಿನಗಳ ಮುನ್ಸೂಚನೆಯನ್ನು ಕೊಡುವ ವ್ಯವಸ್ಥೆಯನ್ನು ಆರಂಭಿಸಿತು. 2025ರ ಮುಂಗಾರಿಗೆ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರಿನ ಆಗಮನವನ್ನು ಸಂದೇಶದ ಮೂಲಕ ಮೊದಲೇ ತಿಳಿಸಿತು. ಇವೆಲ್ಲ ಸ್ತುತ್ಯವಾದ ಕೆಲಸಗಳು. ಆದರೆ ಅದೇ 2024ರ ಆರಂಭದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೊಳಗೆ ಕುಳಿತು ಮಳೆಯ ಅಂಕಿಯನ್ನು ಬೇಸಾಯದ ಸಲಹೆಯಾಗಿ ಮಾಡಿ ಕೊಡುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚುವುದಕ್ಕೆ ಆಜ್ಞೆಯಾಯಿತೆಂಬುದನ್ನು ನೆನೆದರೆ ನಮಗೆ ವ್ಯಥೆಯಾಗುತ್ತದೆ. ಯಂತ್ರವು ತಾನೇ ಸಲಹೆಯನ್ನು ರಚಿಸಬಲ್ಲುದೆಂಬುದು ಇಂಥ ನಿರ್ಣಯಗಳ ಹಿಂದಿನ ನಂಬಿಕೆ. ಯಂತ್ರವು ಅಂಕಿಯನ್ನು ಕೊಡಬಲ್ಲದು. ‘ನಿನ್ನೆ ಬಿತ್ತಿದೆ, ಇನ್ನು ಮಳೆಯಿಲ್ಲವೆನ್ನುತ್ತೀರಿ, ಈಗ ಏನು ಮಾಡಲಿ?’ ಎಂದು ಕೇಳುವ ರೈತನ ಮುಖವನ್ನು ನೋಡಿ, ಅವನ ನೆಲದ ಹದವನ್ನು ಬಲ್ಲವನಾಗಿ ಉತ್ತರವನ್ನು ಕೊಡಬೇಕಾದವನು ಮನುಷ್ಯನು. ಸುವರ್ಣಗಿರಿಯಿಂದ ಹೊರಟ ಮಾತಿಗೂ ಇಸಿಲದಲ್ಲಿ ಮಹಾಮಾತ್ರರು ಬೇಕಾದರಲ್ಲವೆ?

ದಾರಿಯು ತೋರದ ದಾರಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡಗೀಳ್ ಅವರೂ ಪಾವಗಡದ ಶೇಷಗಿರಿರಾವ್ ಅವರೂ ಪಾವಗಡ-ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾವನ್ನು ಕುರಿತು ರೈತರೊಡನೆ ಕಲೆತು ಅಭ್ಯಾಸ ನಡೆಸಿ, 2002ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ರೈತನು ಯಾವ ಯಾವ ನಿಶ್ಚಯಗಳನ್ನು ಮಾಡಬೇಕಾಗಿದೆಯೆಂದು ಮೊದಲು ಕೇಳಿ, ಅದಕ್ಕೆ ಬೇಕಾದ ಮಳೆಯ ಅರಿವನ್ನು ಆಮೇಲೆ ಹುಡುಕುವುದೆಂಬ ಅವರ ಪದ್ಧತಿಯು ನಮ್ಮ ಇಲಾಖೆಗಳಿಗೆ ಇಂದಿಗೂ ಮಾದರಿಯಾಗತಕ್ಕದ್ದು. ಅದೇ ವಿಜ್ಞಾನ ಸಂಸ್ಥೆಯು ಈಗ ಚಳ್ಳಕೆರೆಯ ಕುದಾಪುರದಲ್ಲಿ ತನ್ನ ಎರಡನೆಯ ನೆಲೆಯನ್ನು ಮಾಡಿಕೊಂಡಿದೆ. ಅಲ್ಲಿ ಗಾಳಿಯನ್ನೂ ಧೂಳನ್ನೂ ಅಳೆಯುವ ಹವಾಮಾನ ವೀಕ್ಷಣಾಲಯವಿದೆ. ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ಈ ಸೀಮೆಯು ಆ ವಿದ್ಯೆಗೆ ಬಿಟ್ಟುಕೊಟ್ಟಿತು; ದನ ಕುರಿಗಳ ಮೇವನ್ನು ಬಿಟ್ಟುಕೊಟ್ಟಿತು. ಪ್ರತಿಫಲವಾಗಿ ಒಂದು ನಂಬತಕ್ಕ ಮಳೆಯ ಮಾತನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಇನ್ನೊಂದು ಮಾತು, ನಂಬಿಕೆಯನ್ನು ಕುರಿತದ್ದು. ಮುನ್ಸೂಚನೆಯು ತಪ್ಪುವುದು ಅಪರಾಧವಲ್ಲ. ತಪ್ಪಿದ್ದನ್ನು ಮುಚ್ಚುವುದು ಅಪರಾಧವು. ಹತ್ತರಲ್ಲಿ ಏಳು ಸಲ ಸರಿಯಾಗುವೆನೆಂದು ಹೇಳಿ ಮೂರು ಸಲ ತಪ್ಪಿದವನು ಸತ್ಯವಂತನೇ. ಪ್ರತಿಯೊಂದು ಹೋಬಳಿಗೂ ಹೇಳಿದ ಮಳೆ ಎಷ್ಟು, ಬಿದ್ದ ಮಳೆ ಎಷ್ಟು ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಗೋಡೆಗೆ ಅಂಟಿಸುವ ಕಟ್ಟಳೆಯಾಗಲಿ. ಮೊದಲ ವರ್ಷ ರೈತನು ನಗಬಹುದು. ಎರಡನೆಯ ವರ್ಷ ಎಣಿಸುವನು. ಮೂರನೆಯ ವರ್ಷ ಅದನ್ನು ನೋಡಿಯೇ ಕೂರಿಗೆ ಹೂಡುವನು.

ಸರಕಾರವು ಮಾಡುವ ವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಒಂದು ಮಳೆಮಾಪಕವನ್ನು ಮಾಡುವುದು ಕಷ್ಟವಲ್ಲ. ನೆಟ್ಟಗಿನ ಪಕ್ಕಗಳುಳ್ಳ ಒಂದು ಡಬ್ಬಿ, ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳೆಯುವ ಒಂದು ಮಿಲಿಮೀಟರಿನ ಅಳತೆಪಟ್ಟಿ, ಗೋಡೆ ಮರಗಳಿಂದ ದೂರವಾದ ಒಂದು ತೆರೆದ ಜಾಗ, ಇಷ್ಟಿದ್ದರೆ ಆಯಿತು. ದಿನವೂ ಬೆಳಗ್ಗೆ ಎಂಟೂವರೆಗೆ ಮಕ್ಕಳು ನೀರನ್ನು ಅಳೆಯಲಿ. ಶಾಲೆಯ ಕರಿಹಲಗೆಯ ಒಂದು ಮೂಲೆಯಲ್ಲಿ ‘ಹೇಳಿದ್ದು’, ‘ಬಿದ್ದದ್ದು’ ಎಂಬ ಎರಡು ಸಾಲುಗಳನ್ನು ಬರೆಯಲಿ. ಸಂಜೆ ಹುಡುಗನು ಮನೆಗೆ ಹೋಗಿ ತಂದೆಗೆ ಆ ಎರಡು ಅಂಕಿಗಳನ್ನು ಹೇಳಿದರೆ, ಪುಣೆಯ ಗಣಕಯಂತ್ರದಿಂದ ಸಿದ್ದಾಪುರದ ಒಲೆಯ ವರೆಗೆ ದಾರಿಯು ತೆರೆದಂತಾಯಿತು. ಪೇಟೆಯ ಸುಶಿಕ್ಷಿತ ಬಂಧುಗಳು, ಬೀಜದ ಅಂಗಡಿಯವರು, ಸಹಕಾರ ಸಂಘದವರು ತಮ್ಮ ತಮ್ಮ ಬಾಗಿಲುಗಳಲ್ಲಿ ಅದೇ ಹಲಗೆಯನ್ನು ಇಟ್ಟುಕೊಳ್ಳಬಹುದು.

ಅಶೋಕನ ಬರಹವನ್ನು ಓದಬಲ್ಲವರಿಲ್ಲದೆ ಆ ಬಂಡೆಯು ಶತಮಾನಗಳ ಕಾಲ ಮೂಕವಾಗಿ ನಿಂತಿತ್ತು. ಇಂದಿನ ಸರಕಾರದ ಮಾತಿಗೆ ಅಂಥ ಗತಿ ಬರಕೂಡದು. ಅಷ್ಟು ದೀರ್ಘ ಕಾಲ ಕಾಯುವುದಕ್ಕೆ ಬಂಡೆಗೆ ಸಾಧ್ಯ. ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಮೋಡವನ್ನು ನೋಡುತ್ತ ನಿಂತಿರುವ ರೈತನಿಗೆ ಸಾಧ್ಯವಿಲ್ಲ. ಅವನಿಗೆ ಇರುವುದು ಒಂದು ಆರಿದ್ರ, ಒಂದು ಪುನರ್ವಸು, ಹೆಚ್ಚೆಂದರೆ ಒಂದು ಪುಷ್ಯ. ಅಷ್ಟರೊಳಗೆ ಅವನ ಹೋಬಳಿಯ ಮಾತು, ಅವನ ನುಡಿಯಲ್ಲಿ, ಸತ್ಯವಾದ ಅಂಕಿಯೊಡನೆ ಅವನಿಗೆ ಮುಟ್ಟಲೇಬೇಕು.